ಹೇಗೆ ಹತ್ತಬೇಕು ಎಂದು ಕೇಳಿದ ಲಿಫ್ಟು

ಆ ಆರು ಮಹಡಿಯ ಕಟ್ಟಡದಲ್ಲಿ ಲಿಫ್ಟು ನಿಂತುಹೋಗಿ ಎರಡು ವರ್ಷವಾಗಿತ್ತು. ಅದನ್ನು ಓಡಿಸುವ ಲಿಫ್ಟಣ್ಣ ಮಾತ್ರ ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಬೆಳಗ್ಗೆ ಎಂಟಕ್ಕೆ ಬಂದು, ಜಾಲರಿ ಬಾಗಿಲು ಎಳೆದು, ಒಳಗಿನ ಮರದ ಸ್ಟೂಲನ್ನು ಒರೆಸಿ, ಅದರ ಮೇಲೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತಿದ್ದ. ಸಂಜೆ ಆರಕ್ಕೆ ಬಾಗಿಲು ತೆರೆದು ಮನೆಗೆ ಹೋಗುತ್ತಿದ್ದ. ನಡುವೆ ಮೆಟ್ಟಿಲು ಹತ್ತುವವರು ಯಾರಾದರೂ "ಏನು ಲಿಫ್ಟಣ್ಣ, ಮೇಲಕ್ಕಾ?" ಎಂದು ತಮಾಷೆ ಮಾಡಿದರೆ, "ಇಲ್ಲ, ಇಲ್ಲೇ" ಎನ್ನುತ್ತಿದ್ದ.

ಅವನನ್ನು ಕೆಲಸದಿಂದ ತೆಗೆಯುವ ವಿಷಯ ಕಟ್ಟಡದ ಸಂಘದ ಮುಂದೆ ಇದ್ದೇ ಇತ್ತು. ಆದರೆ ಸಭೆ ನಡೆಯುವುದು ನೆಲಮಹಡಿಯಲ್ಲಿ. ಮೇಲಿನ ಮಹಡಿಗಳ ವಯಸ್ಸಾದ ಸದಸ್ಯರು ಲಿಫ್ಟಿಲ್ಲದೆ ಕೆಳಗೆ ಬರಲಾರರು. ಕೋರಂ ಆಗುತ್ತಿರಲಿಲ್ಲ. ಲಿಫ್ಟು ಕೆಟ್ಟದ್ದರಿಂದಲೇ ಲಿಫ್ಟಣ್ಣನ ಕೆಲಸ ಉಳಿದಿತ್ತು.

ಮಾತಿನ ವಿಷಯದಲ್ಲಿ ಅವನು ಬಲು ಜಿಪುಣ. ಅವನ ಹೆಂಡತಿ ಮನೆಯಲ್ಲಿ ಹೊಲಿಗೆ ಮಷಿನ್ನು ಇಟ್ಟುಕೊಂಡು ಜನರ ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಡುತ್ತಿದ್ದಳು. ಅವಳಿಗೆ ಮದುವೆಯಾದಂದಿನಿಂದ ಇದೊಂದೇ ಕೊರಗು.

"ಊಟ ಹೇಗಿದೆ?"

"ಇದೆ."

"ಈ ಬಣ್ಣ ಹೇಗಿದೆ ನನಗೆ?"

"ಇದೆ."

"ಇದೆ ಅನ್ನೋದು ನನಗೂ ಕಾಣತ್ತೆ ಕಣ್ರೀ! ಹೇಗಿದೆ ಅಂತ ಕೇಳಿದ್ದು!" ಎಂದು ಅವಳು ಮಷಿನ್ನನ್ನು ಜೋರಾಗಿ ತುಳಿಯುತ್ತಿದ್ದಳು. ಅಂಥ ದಿನಗಳಲ್ಲಿ ಯಾರದೋ ಪ್ಯಾಂಟು ಬೇಕಾದ್ದಕ್ಕಿಂತ ಗಿಡ್ಡವಾಗುತ್ತಿತ್ತು.

ಸಂಘದ ಕಾರ್ಯದರ್ಶಿಗೆ ನೆಲಮಹಡಿಯಲ್ಲೇ ರಬ್ಬರ್ ಸ್ಟಾಂಪಿನ ಅಂಗಡಿ. ಮುದ್ರೆ ಒತ್ತದೆ ಅವರು ಒಂದು ಚೀಟಿಯನ್ನೂ ಕೈಬಿಡುತ್ತಿರಲಿಲ್ಲ. ಬೇರೆ ದೇಶದಲ್ಲಿ ಯಾವುದೋ ಹೋಟೆಲು ಮುಚ್ಚಿದೆಯೆಂದೂ ಅದರ ಲಿಫ್ಟು ಹರಾಜಿಗಿದೆಯೆಂದೂ ಪತ್ತೆ ಮಾಡಿದವರು ಅವರೇ. ದೊಡ್ಡ ಪೆಟ್ಟಿಗೆಗಳಲ್ಲಿ ಲಿಫ್ಟು ಬಂತು. ಮೂವರು ಫಿಟ್ಟರುಗಳು ಹನ್ನೊಂದು ದಿನ ಹೊಡೆದು, ಬಿಗಿದು, ಎಣ್ಣೆ ಬಿಟ್ಟು ಅದನ್ನು ಕೂರಿಸಿದರು. ಒಳಗೆ ಕಂದು ಮರದ ಗೋಡೆ, ಉದ್ದನೆಯ ಕನ್ನಡಿ, ಎದೆಯ ಎತ್ತರದಲ್ಲಿ ಹಿತ್ತಾಳೆಯ ತೂತು ತೂತಿನ ಒಂದು ಬಿಲ್ಲೆ. ಗುಂಡಿ ಎಂಬುದು ಒಂದೂ ಇರಲಿಲ್ಲ.

"ಇದಕ್ಕೆ ಗುಂಡಿ ಇಲ್ಲ ಸಾರ್, ಮಾತಾಡಿದ್ರೆ ಹೋಗತ್ತೆ" ಎಂದು ಹಿರಿಯ ಫಿಟ್ಟರು ಸಾಮಾನು ಕಟ್ಟಿದ.

ಕಾರ್ಯದರ್ಶಿಯ ಮುಖ ಅರಳಿತು. "ಮಾತು ಕೇಳೋ ಲಿಫ್ಟಿಗೆ ಇನ್ನು ಲಿಫ್ಟಣ್ಣ ಯಾಕೆ? ನೋಡಯ್ಯಾ, ಇವತ್ತು ಎಲ್ಲರನ್ನೂ ಕೆಳಗೆ ಇಳಿಸ್ತೀನಿ, ಸಭೆ ಕರೀತೀನಿ, ನಿನ್ನ ವಿಷಯ ಮುಗಿಸ್ತೀನಿ."

"ಆಗಲಿ ಸಾರ್" ಎಂದ ಲಿಫ್ಟಣ್ಣ. ಅವನಿಗೆ ಐವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೈದು ವರ್ಷ ಹಗ್ಗದ ತುದಿಯಲ್ಲಿ ಮೇಲೆ ಕೆಳಗೆ ಓಡಾಡಿದ್ದ. ಬೇರೆ ಕೆಲಸ ಗೊತ್ತಿರಲಿಲ್ಲ. ಸುಮ್ಮನೆ ಸ್ಟೂಲನ್ನು ಎತ್ತಿಕೊಂಡು ಹೊಸ ಲಿಫ್ಟಿನ ಮೂಲೆಯಲ್ಲಿಟ್ಟು ನಿಂತ.

ಕಾರ್ಯದರ್ಶಿ ಒಳಗೆ ಬಂದು ಗಂಟಲು ಸರಿಮಾಡಿಕೊಂಡು "ಐದನೇ ಮಹಡಿ!" ಎಂದರು.

ಬಿಲ್ಲೆಯೊಳಗಿಂದ ಒಂದು ಹೆಣ್ಣು ದನಿ ಬಂತು. ತುಂಬ ಮರ್ಯಾದೆಯ ದನಿ. "ಕೋಮೋ?"

"ಐದು! ಮೇಲೆ! ಫಿಫ್ತ್ ಫ್ಲೋರ್!"

"ಕೋಮೋ?"

ಕಾರ್ಯದರ್ಶಿ ಗದರಿದರು, ಬೇಡಿಕೊಂಡರು, ಚಪ್ಪಾಳೆ ತಟ್ಟಿದರು, ಐದು ಬೆರಳು ಎತ್ತಿ ತೋರಿಸಿದರು. ಲಿಫ್ಟು ಕದಲಲಿಲ್ಲ. ಸುತ್ತ ಜನ ಸೇರಿದರು. ಮೂರನೇ ಮಹಡಿಯ ಹಲ್ಲಿನ ಡಾಕ್ಟರು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ಇಳಿದು ಬಂದು, "ಏನಂತೆ ಅದಕ್ಕೆ?" ಎಂದು ಕೇಳಿದರು.

"ಕೋಮಾ ಅಂತಿದೆ ಡಾಕ್ಟ್ರೇ" ಎಂದರು ಕಾರ್ಯದರ್ಶಿ. "ಬಂದ ದಿನವೇ ಕೋಮಾಗೆ ಹೋಗಿದೆ."

ಆಗ ಲಿಫ್ಟಿನ ಬಾವಿಯಂಥ ಗೂಡಿನಲ್ಲಿ ಮೇಲಿನಿಂದ ಒಂದು ಕೂಗು ಕೇಳಿತು. "ಅಯ್ಯೋ, ಅದು ಸ್ಪ್ಯಾನಿಷ್ ಕಣ್ರೀ! 'ಹೇಗೆ' ಅಂತ ಕೇಳ್ತಿದೆ!"

ಐದನೇ ಮಹಡಿಯ ಟೀಚರಮ್ಮ ಅವರು. ವಯಸ್ಸು ಎಪ್ಪತ್ತನಾಲ್ಕು. ಸಂಜೆ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಸ್ಪ್ಯಾನಿಷ್ ಕಲಿಸಿದ್ದರು. ಆ ಇಪ್ಪತ್ತೆರಡು ವರ್ಷದಲ್ಲಿ ಒಟ್ಟು ಹನ್ನೊಂದು ಜನ ಕಲಿತಿದ್ದರು, ಅವರಲ್ಲಿ ಇಬ್ಬರು ತರಗತಿ ತಪ್ಪಿ ಬಂದು ಕೂತವರು. ಮಂಡಿ ನೋವಿನಿಂದಾಗಿ ಎರಡು ವರ್ಷದಿಂದ ಮೆಟ್ಟಿಲು ಇಳಿದಿರಲಿಲ್ಲ. ಅವರ ವಿದ್ಯೆ ಬೇಕೆಂದು ಕೇಳಿದ ಮೊಟ್ಟಮೊದಲ ಲಿಫ್ಟು ಇದು.

"ಲಿಫ್ಟಣ್ಣಾ, 'ಸೂಬೆ' ಅನ್ನು! ಹತ್ತು ಅಂತ ಅರ್ಥ!"

"ಸೂಬೆ" ಎಂದ ಲಿಫ್ಟಣ್ಣ ಬಿಲ್ಲೆಗೆ ಬಾಗಿ.

"ಕೋಮೋ?" ಎಂದಿತು ಲಿಫ್ಟು.

"ಹೇಗೆ ಹತ್ತಬೇಕು ಅಂತ ಕೇಳತ್ತೆ, ಹೇಳು! ನಿಧಾನವಾಗಿ ಅನ್ನು. ಲೆಂತಾಮೆಂತೆ!"

"ಸೂಬೆ ಲೆಂತಾಮೆಂತೆ."

ಲಿಫ್ಟು ಹತ್ತಿತು. ನಿಧಾನವಾಗಿ ಎಂದರೆ, ಹತ್ತುತ್ತಿದೆಯೋ ಇಲ್ಲವೋ ಎಂದು ಕಾರ್ಯದರ್ಶಿ ಗೂಡಿನ ಗೋಡೆಯ ಮೇಲೆ ಪೆನ್ನಿನಿಂದ ಗುರುತು ಹಾಕಿ ನೋಡಬೇಕಾಯಿತು. ಐದನೇ ಮಹಡಿ ಮುಟ್ಟಲು ನಲವತ್ತು ನಿಮಿಷ ಹಿಡಿಯಿತು. ಮೊದಲನೇ ಮಹಡಿಯ ಜನ ಎರಡು ನಿಮಿಷ ಅವರ ತಲೆ ನೋಡಿದರು, ಆಮೇಲೆ ಹೊಟ್ಟೆ ನೋಡಿದರು, ಕೊನೆಗೆ ಚಪ್ಪಲಿ ನೋಡಿ ಊಟಕ್ಕೆ ಹೋದರು.

ಮೇಲೆ ಟೀಚರಮ್ಮ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. "ತಪ್ಪು ನನ್ನದೇ ಕಣಪ್ಪಾ. ಬಾಯಿಗೆ ಬಂದ ಪದ ಹೇಳಿಕೊಟ್ಟೆ. ಇಳಿಯೋವಾಗ ಬಾಹಾ ಅನ್ನಬೇಕು. ರಾಪಿದಾಮೆಂತೆ ಅಂದುಬಿಡು, ಬೇಗ ಹೋಗತ್ತೆ."

ಅವನು ಹಾಗೇ ಅಂದ. ಕೆಳಗೆ ಬಾಗಿಲು ತೆರೆದಾಗ ಕಾರ್ಯದರ್ಶಿಯ ಜೇಬಿನ ಪೆನ್ನು ಲಿಫ್ಟಿನ ಚಾವಣಿಯಿಂದ ಬಿತ್ತು. ಅವರು ಆ ದಿನ ಸಭೆ ಕರೆಯಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಬೆಂಚಿನ ಮೇಲೆ ಮಲಗಿಬಿಟ್ಟರು.

ಮರುದಿನ ಸಂಘದ ಕೆಲವರು ಮೆಟ್ಟಿಲು ಹತ್ತಿ ಹೋಗಿ ಟೀಚರಮ್ಮನನ್ನು ಕೇಳಿಕೊಂಡರು. "ನಿಮಗೆ ಭಾಷೆ ಗೊತ್ತು, ಲಿಫ್ಟಲ್ಲಿ ನೀವೇ ಕೂತುಬಿಡಿ."

"ನಾನು ಕಲಿಸೋಳು, ಓಡಿಸೋಳಲ್ಲ" ಎಂದರು ಅವರು. "ಲಿಫ್ಟಣ್ಣನ್ನ ಕಳಿಸಿ. ಅವನು ಪಾಸಾಗೋವರೆಗೆ ನಾನು ಅದರಲ್ಲಿ ಕಾಲಿಡಲ್ಲ."

ಹಾಗೆ ಲಿಫ್ಟಣ್ಣ ದಿನಾ ಬೆಳಗ್ಗೆ ಐದು ಮಹಡಿ ನಡೆದು ಹತ್ತಿ, ಟೀಚರಮ್ಮನ ಮನೆಯ ಹಜಾರದಲ್ಲಿ ಗೋಡೆಗೆ ಒರಗಿಸಿದ ಹಳೆಯ ಬೋರ್ಡಿನ ಮುಂದೆ ಕೂರತೊಡಗಿದ. ಲಿಫ್ಟಿನಲ್ಲೇ ಬರಬಹುದಿತ್ತು. ಆದರೆ ಕಲಿಯದೆ ಓಡಿಸಬಾರದೆಂದು ಟೀಚರಮ್ಮನ ಅಪ್ಪಣೆಯಾಗಿತ್ತು.

"ನೋಡು. ಲೆಂತೋ ಅಂದ್ರೆ ನಿಧಾನದವನು. ಲೆಂತಾ ಅಂದ್ರೆ ನಿಧಾನದವಳು. ಮೆಂತೆ ಅಂಟೋದು ಹೆಣ್ಣಿಗೆ ಮಾತ್ರ. ಗಂಡಿಗೆ ಅಂಟಲ್ಲ."

"ಯಾಕೆ ಟೀಚರ್?"

"ಮೆಂತೆ ಅಂದ್ರೆ ಮನಸ್ಸು. ಅವರ ಭಾಷೇಲಿ ಮನಸ್ಸು ಹೆಣ್ಣು. ಲೆಂತಾಮೆಂತೆ ಅಂದ್ರೆ, ಮೊದಮೊದಲು ಅದರ ಅರ್ಥ, ನಿಧಾನದ ಮನಸ್ಸಿಂದ ಅಂತ."

ಲಿಫ್ಟಣ್ಣ ಬಹಳ ಹೊತ್ತು ಬೋರ್ಡು ನೋಡಿದ. "ಹಾಗಾದ್ರೆ ಅದು ಕೇಳ್ತಿರೋದು, ಯಾವ ಮನಸ್ಸಿಂದ ಹತ್ತಲಿ ಅಂತಲಾ?"

"ಹೂಂ."

"ಪಾಪ" ಎಂದ ಲಿಫ್ಟಣ್ಣ. ಹಳೆಯ ಲಿಫ್ಟನ್ನು ಅವನು ಇಪ್ಪತ್ತೈದು ವರ್ಷ ಹಿಡಿಕೆ ತಿರುಗಿಸಿ ಓಡಿಸಿದ್ದ. ಅದಕ್ಕೆ ಮನಸ್ಸಿದೆಯೋ ಇಲ್ಲವೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಪಾಠ ಮುಂದುವರಿಯಿತು. ಕೆಲವು ಪದಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲ, ಅವಕ್ಕೆ ನೇರವಾಗಿ ಮೆಂತೆ ಅಂಟಿಸಬಹುದು. ಸ್ವಾವೆ ಎಂದರೆ ನಯ, ಸ್ವಾವೆಮೆಂತೆ ಎಂದರೆ ನಯವಾಗಿ. ನಾವು 'ನಿಧಾನವಾಗಿ ಹತ್ತು' ಎಂದರೆ ಅವರು 'ಹತ್ತು ನಿಧಾನವಾಗಿ' ಎನ್ನುತ್ತಾರೆ. ಚೆನ್ನಾಗಿ ಎನ್ನುವುದಕ್ಕೆ ಬಿಯೆನ್ ಎಂಬ ಬೇರೆ ಪದವೇ ಇದೆ, ಅದಕ್ಕೆ ಮೆಂತೆ ಬೇಡ.

"ಲಿಫ್ಟು ತುಂಬ ಹೆಂಗಸರಿದ್ರೆ ಪದ ಬದಲಾಗತ್ತಾ ಟೀಚರ್?"

"ಇಲ್ಲ. ಒಂದು ಸಲ ಮೆಂತೆ ಅಂಟಿತು ಅಂದ್ರೆ ಮುಗೀತು. ಒಬ್ಬರಿರಲಿ ಹತ್ತು ಜನ ಇರಲಿ, ಗಂಡಿರಲಿ ಹೆಣ್ಣಿರಲಿ, ಅದು ಅಲ್ಲಾಡಲ್ಲ."

ಇದು ಲಿಫ್ಟಣ್ಣನಿಗೆ ಬಹಳ ಹಿಡಿಸಿತು.

ಎಲ್ಲಕ್ಕಿಂತ ಕಷ್ಟವಾದದ್ದು ಜೋಡಿ ಪದದ ಪಾಠ. ನಿಧಾನವಾಗಿ, ನಯವಾಗಿ ಎಂದು ಎರಡೂ ಹೇಳುವಾಗ ಮೊದಲನೆಯದರ ಮೆಂತೆ ಕಿತ್ತುಹಾಕಬೇಕು. 'ಲೆಂತಾ ಇ ಸ್ವಾವೆಮೆಂತೆ.' ಕೊನೆಯ ಪದದ ಮೆಂತೆಯೇ ಎರಡಕ್ಕೂ ಸಾಕು.

"ಒಂದೇ ಕೊಡೆ, ಇಬ್ಬರು" ಎಂದ ಲಿಫ್ಟಣ್ಣ.

ಟೀಚರಮ್ಮ ಸೀಮೆಸುಣ್ಣ ಕೆಳಗಿಟ್ಟು ಅವನನ್ನೇ ನೋಡಿದರು. "ಇಪ್ಪತ್ತೆರಡು ವರ್ಷದಲ್ಲಿ ಇದನ್ನ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ ಕಣೋ" ಎಂದರು.

ಮನೆಯಲ್ಲೂ ಅಭ್ಯಾಸ ನಡೆಯಿತು. ಮುಖ ತೊಳೆಯುತ್ತಾ, ಚಪ್ಪಲಿ ಹಾಕಿಕೊಳ್ಳುತ್ತಾ ಗೊಣಗಿಕೊಳ್ಳುತ್ತಿದ್ದ. ಹೆಂಡತಿ ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಕತ್ತರಿ ಕೆಳಗಿಟ್ಟು ಕೇಳಿದಳು. "ರೀ, ಬೆಳಗ್ಗಿಂದ ಮೆಂತೆ ಮೆಂತೆ ಅಂತಿದ್ದೀರಲ್ಲ, ಅಷ್ಟು ಆಸೆ ಇದ್ರೆ ಅಂಗಡಿಯಿಂದ ತನ್ನಿ."

"ಅದಲ್ಲ ಕಣೇ. ಇದು ಬಾಲ. ಪದಕ್ಕೆ ಅಂಟಿಸೋದು. ಅಂಟಿಸಿದ್ರೆ ಹೇಗೆ ಅಂತ ಗೊತ್ತಾಗತ್ತೆ."

"ಹೇಗೆ ಅಂತ?" ಅವಳ ಹುಬ್ಬು ಮೇಲೇರಿತು. "ನೀವು? ಹೇಗೆ ಅಂತ ಹೇಳೋಕೆ ಕಲೀತಿದ್ದೀರಾ? ಎಲ್ಲಿ, ಈ ಹೊಲಿಗೆ ಹೇಗಿದೆ ಹೇಳಿ ನೋಡೋಣ."

ಲಿಫ್ಟಣ್ಣ ಪ್ಯಾಂಟಿನ ಅಂಚನ್ನು ಬೆಳಕಿಗೆ ಹಿಡಿದ. ತುಟಿ ಒದ್ದಾಡಿತು. "ಒಂದೇ ಸಮನಾಗಿ... ಬಂದಿದೆ" ಎಂದ.

ಅವಳು ಆ ಪ್ಯಾಂಟನ್ನು ಗಿರಾಕಿಗೆ ಕೊಡದೆ ಒಂದು ವಾರ ಇಟ್ಟುಕೊಂಡಳು.

ಮೂರನೆಯ ವಾರ ಲಿಫ್ಟು ಓಡತೊಡಗಿತು. ಮೊದಮೊದಲು ತಪ್ಪುಗಳಾದವು. ಒಮ್ಮೆ ಲೆಂತೋಮೆಂತೆ ಎಂದುಬಿಟ್ಟ, ಲಿಫ್ಟು ನೊಂದುಕೊಂಡು ದೀಪ ಆರಿಸಿಬಿಟ್ಟಿತು. ಇನ್ನೊಮ್ಮೆ ಒಳ್ಳೆಯದು ಎಂಬ ಪದಕ್ಕೂ ಮೆಂತೆ ಅಂಟಿಸಿ ಬ್ವೇನಾಮೆಂತೆ ಎಂದ. ಹಾಗೆಂದರೆ 'ನಿನ್ನ ಕೈಲಾದಷ್ಟು' ಎಂದು ಅರ್ಥವಂತೆ. ಲಿಫ್ಟು ಎರಡನೇ ಮಹಡಿವರೆಗೆ ಹೋಗಿ, ತನ್ನ ಕೈಲಾಗುವುದು ಇಷ್ಟೇ ಎಂಬಂತೆ ಬಾಗಿಲು ತೆರೆದು ನಿಂತಿತು.

ಕ್ರಮೇಣ ಅವನ ನಾಲಿಗೆ ತಿರುಗಿತು. ಆಗ ಜನ ಬೇಡಿಕೆಗಳನ್ನು ತರತೊಡಗಿದರು. ಒಬ್ಬರನ್ನೊಬ್ಬರು ಮಾತಾಡಿಸದ ಗಂಡ ಹೆಂಡತಿ ನಾಲ್ಕನೇ ಮಹಡಿಯಲ್ಲಿದ್ದರು. ಇಬ್ಬರೂ ಒಂದೇ ಸಲ ಒಳಗೆ ಬಂದು ಗೋಡೆ ನೋಡುತ್ತಾ ನಿಂತರೆ ಲಿಫ್ಟಣ್ಣ "ಸೂಬೆ ಸೆಪರಾದಾಮೆಂತೆ" ಎನ್ನುತ್ತಿದ್ದ. ಬೇರೆಬೇರೆಯಾಗಿ ಎಂದರ್ಥ. ಗಂಡ ಹೊರಗೆ ಇಳಿಯುವವರೆಗೆ ಲಿಫ್ಟು ಕದಲುತ್ತಿರಲಿಲ್ಲ. ಹೆಂಡತಿಯನ್ನು ಬಿಟ್ಟುಬಂದು ಆಮೇಲೆ ಅವನನ್ನು ಕರೆದೊಯ್ಯುತ್ತಿತ್ತು. ಕೆಳಗೆ ಒಬ್ಬನೇ ಕಾಯುವುದು ಬೇಸರವಾಗಿ ಅವನು ಹದಿನೈದು ದಿನದಲ್ಲಿ ಹೆಂಡತಿಯ ಹತ್ತಿರ ಕ್ಷಮೆ ಕೇಳಿದ.

ಹಲ್ಲಿನ ಡಾಕ್ಟರು ಒಂದು ದಿನ ಲಿಫ್ಟಣ್ಣನನ್ನು ಬದಿಗೆ ಕರೆದರು. "ನನ್ನ ಪೇಷೆಂಟುಗಳು ಬಾಗಿಲವರೆಗೆ ಬಂದು ವಾಪಸ್ ಓಡ್ತಾರೆ ಮಾರಾಯ. ಧೈರ್ಯವಾಗಿ ಅನ್ನೋದಕ್ಕೆ ಪದ ಇದೆಯಾ?"

"ಬಾಲಿಯೆಂತೆಮೆಂತೆ. ಟೀಚರ್ ಮೊನ್ನೆ ತಾನೇ ಹೇಳಿಕೊಟ್ಟರು."

"ಅದನ್ನೇ ಹಾಕು."

ಮುಂದಿನ ಪೇಷೆಂಟು ಒಬ್ಬ ಸಣಕಲು ಗುಮಾಸ್ತ. ಲಿಫ್ಟಿಗೆ ಹತ್ತುವಾಗ ಕೆನ್ನೆ ಹಿಡಿದು ನಡುಗುತ್ತಿದ್ದ. ಮೂರನೇ ಮಹಡಿಯಲ್ಲಿ ಎದೆ ಸೆಟೆಸಿ ಇಳಿದ. ಡಾಕ್ಟರ ಕುರ್ಚಿಯಲ್ಲಿ ಕೂತು, ಮರಗಟ್ಟಿಸುವ ಇಂಜೆಕ್ಷನ್ನು ಬೇಡವೆಂದ. ಹುಳುಕು ಹಲ್ಲು ಕಿತ್ತಾದ ಮೇಲೆ "ಇಷ್ಟೇನಾ? ಪಕ್ಕದ್ದೂ ತೆಗೀರಿ, ಅದರ ಪಕ್ಕದ್ದೂ ತೆಗೀರಿ" ಎಂದು ಪಟ್ಟು ಹಿಡಿದ. ಡಾಕ್ಟರು ಹೆದರಿ ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಅಂದಿನಿಂದ ತಮ್ಮ ಪೇಷೆಂಟುಗಳನ್ನು ಮಾಮೂಲಿನಂತೆ ನಯವಾಗಿ ತಂದರೆ ಸಾಕೆಂದು ಹೇಳಿ ಕಳಿಸಿದರು.

ಇದನ್ನೆಲ್ಲ ನೋಡಿ ಕಾರ್ಯದರ್ಶಿಗೆ ಹೊಟ್ಟೆಯುರಿ. ಲಿಫ್ಟು ತಂದವರು ತಾವು, ಎಲ್ಲರ ಬಾಯಲ್ಲಿ ಕುಣಿಯುವ ಹೆಸರು ಲಿಫ್ಟಣ್ಣನದು. ಅವರು ಒಂದು ನಿಘಂಟು ತರಿಸಿ ಅಂಗಡಿಯಲ್ಲಿ ಕೂತು ಓದಿದರು. ಆಮೇಲೆ ಸಭೆ ಕರೆದರು. ಲಿಫ್ಟಣ್ಣನೇ ಆರನೇ ಮಹಡಿಯವರನ್ನೂ ನಾಲ್ಕನೆಯವರನ್ನೂ ಜಾಗ್ರತೆಯಾಗಿ ಕೆಳಗಿಳಿಸಿ ಕುರ್ಚಿಗಳಲ್ಲಿ ಕೂರಿಸಿದ. ಎರಡು ವರ್ಷದಲ್ಲಿ ಮೊದಲ ಬಾರಿ ಕೋರಂ ಆಯಿತು. "ಪದಗಳ ಪಟ್ಟಿಯನ್ನು ಲಿಫ್ಟಿನ ಗೋಡೆಗೆ ಅಂಟಿಸಿದರೆ ಯಾರು ಬೇಕಾದರೂ ಓದಿ ಹೇಳಬಹುದು, ನಿರ್ವಾಹಕನ ಅಗತ್ಯವಿಲ್ಲ" ಎಂದು ಕಾರ್ಯದರ್ಶಿ ಓದಿದರು. ಸಭೆಯೆಂದರೇನೆಂದು ಮರೆತೇಹೋಗಿದ್ದ ಸದಸ್ಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆಯನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಯಿತು. ಲಿಫ್ಟಣ್ಣನ ಕೈಗೆ, ಅವನನ್ನು ಕೆಲಸದಿಂದ ತೆಗೆದಿದೆ ಎಂಬ ಆರು ಮುದ್ರೆಗಳ ಒಂದು ಪತ್ರ ಬಂತು. ಆಮೇಲೆ ಅವನೇ ಎಲ್ಲರನ್ನೂ ಮತ್ತೆ ಮೇಲೆ ಬಿಟ್ಟುಬಂದ.

ಮರುದಿನ ಬೆಳಗ್ಗೆ ಲಿಫ್ಟಿಗೆ ಪರವಾನಗಿ ಕೊಡುವ ಇನ್ಸ್‌ಪೆಕ್ಟರು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಒಂದು ರಟ್ಟಿನ ಫೈಲು. "ಓಡಿಸೋರು ಯಾರು?" ಎಂದು ಕೇಳಿದರು.

"ಯಾರು ಬೇಕಾದ್ರೂ ಓಡಿಸಬಹುದು ಸಾರ್" ಎಂದು ಕಾರ್ಯದರ್ಶಿ ಅವರನ್ನು ಒಳಗೆ ಕರೆದುಕೊಂಡರು. ಒಳಗೆ ಬರಲು ಹೊರಟ ಲಿಫ್ಟಣ್ಣನಿಗೆ ಕೈ ಅಡ್ಡ ಹಿಡಿದರು. "ನೀನು ಹೊರಗಿರಯ್ಯಾ. ನಿನ್ನದು ಮುಗೀತಲ್ಲ."

ಲಿಫ್ಟಣ್ಣ ಹೊರಗೆ ನಿಂತ. ಬಾಗಿಲು ಇನ್ನೂ ತೆರೆದೇ ಇತ್ತು.

"ವಿಶೇಷ ಏನೂ ಬೇಡ" ಎಂದರು ಇನ್ಸ್‌ಪೆಕ್ಟರು. "ಸಾಮಾನ್ಯವಾಗಿ ಹೇಗೆ ಹತ್ತುತ್ತೋ ಹಾಗೆ ತೋರಿಸಿ."

ಕಾರ್ಯದರ್ಶಿ ಪಟ್ಟಿಯ ಮೇಲೆ ಬೆರಳಾಡಿಸಿದರು. ಪದ ಸಿಕ್ಕಿತು. "ಸೂಬೆ ನೋರ್ಮಾಲ್ಮೆಂತೆ!"

ಲಿಫ್ಟು 'ಕೋಮೋ' ಎನ್ನಲಿಲ್ಲ. "ಸೀ, ನೋರ್ಮಾಲ್ಮೆಂತೆ" ಎಂದು ಸಮಾಧಾನವಾಗಿ ಉತ್ತರ ಕೊಟ್ಟು ಅಲ್ಲೇ ನಿಂತಿತು.

"ಏನಂತು?"

"ಹೌದು ಅಂತು ಸಾರ್."

"ಮತ್ತೆ ಯಾಕೆ ಹೋಗ್ತಿಲ್ಲ?"

ಲಿಫ್ಟಣ್ಣನಿಗೆ ತಡೆಯಲಾಗಲಿಲ್ಲ. "ಸಾರ್, ಸೂಬೆ ಅಂದ್ರೆ 'ಹತ್ತು' ಅಂತಲೂ ಆಗತ್ತೆ, 'ಹತ್ತುತ್ತೆ' ಅಂತಲೂ ಆಗತ್ತೆ. ನೀವು 'ಸಾಮಾನ್ಯವಾಗಿ ಹತ್ತುತ್ತೆ' ಅಂದ್ರಿ. ಅದು 'ಹೌದು, ಸಾಮಾನ್ಯವಾಗಿ' ಅಂತು. ನೀವು ಹತ್ತು ಅಂತ ಹೇಳಿದ ಹಾಗೆ ಅದಕ್ಕೆ ಕೇಳಿಸಲಿಲ್ಲ."

"ನೀನು ಸುಮ್ಮನಿರು!" ಎಂದ ಕಾರ್ಯದರ್ಶಿ ಇನ್ಸ್‌ಪೆಕ್ಟರ ಮುಖ ನೋಡಿ ಗಾಬರಿಯಾದರು. ಬೇಗ, ಸುರಕ್ಷಿತವಾಗಿ ಎಂಬ ಎರಡು ಪದಗಳನ್ನು ಒಟ್ಟಿಗೆ ಹಿಡಿದರು. "ಸೂಬೆ ರಾಪಿದಾಮೆಂತೆ ಇ ಸೆಗೂರಾಮೆಂತೆ!"

ಬಾಗಿಲು ಧಡಕ್ಕನೆ ಮುಚ್ಚಿತು. ಲಿಫ್ಟು ಬಾಣದಂತೆ ಏರಿತು. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಗಕ್ಕನೆ ನಿಂತಿತು.

ಲಿಫ್ಟಣ್ಣ ಮೆಟ್ಟಿಲು ಹಾರಿ ಹಾರಿ ಮೂರನೇ ಮಹಡಿಗೆ ಬಂದ. ಬಾಗಿಲ ಸಂದಿಯಲ್ಲಿ, ತಲೆಗಿಂತ ಮೇಲೆ, ಲಿಫ್ಟಿನ ತಳ ಕಾಣುತ್ತಿತ್ತು. ಒಳಗಿನಿಂದ ಕಾರ್ಯದರ್ಶಿ ಪಟ್ಟಿಯಲ್ಲಿದ್ದ ಪದಗಳನ್ನೆಲ್ಲ ಒಂದೊಂದಾಗಿ ಕೂಗುತ್ತಿದ್ದರು. ಪ್ರತಿಯೊಂದಕ್ಕೂ ಲಿಫ್ಟು ಅಷ್ಟೇ ಮರ್ಯಾದೆಯಿಂದ "ಕೋಮೋ?" ಎನ್ನುತ್ತಿತ್ತು. ಹಲ್ಲಿನ ಡಾಕ್ಟರು ಬಾಗಿಲಿಗೆ ಬಂದು ಇಣುಕಿದರು. "ಯಾರು, ಕಾರ್ಯದರ್ಶೀನಾ? ಇರಲಿ ಬಿಡು ಒಳಗೆ. ನಿನಗೆ ಪತ್ರ ಕೊಟ್ಟರಲ್ಲ, ನಿನ್ನ ಕೆಲಸ ಅಲ್ಲ ಇದು" ಎಂದು ಪಿಸುಗುಟ್ಟಿದರು.

ಅದು ನಿಜವೇ ಆಗಿತ್ತು. ಆರು ಮುದ್ರೆಯ ಪತ್ರ ಜೇಬಿನಲ್ಲೇ ಇತ್ತು. ಲಿಫ್ಟಣ್ಣ ಮೆಟ್ಟಿಲ ಮೇಲೆ ಕೂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬೇರೊಂದು ಸಂಕಟ ಶುರುವಾಗಿತ್ತು. ಆ ಎರಡು ಮೆಂತೆಗಳ ತಪ್ಪು ವಾಕ್ಯ ಲಿಫ್ಟಿನ ಗೂಡಿನಲ್ಲಿ ನೇತಾಡುತ್ತಿದೆ ಎಂದೇ ಅವನಿಗೆ ಅನಿಸುತ್ತಿತ್ತು. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಅದನ್ನು ತೆಗೆಯದೆ ಮನೆಗೆ ಹೋಗಲು ಸಾಧ್ಯವೇ ಇರಲಿಲ್ಲ.

ಎದ್ದು ಸಂದಿಗೆ ಬಾಯಿಟ್ಟ. "ಸಾರ್, ಮೊದಲನೇ ಮೆಂತೆ ತೆಗೀರಿ!"

"ಯಾವ ಮೆಂತೆ? ಎಲ್ಲಿದೆ?" ಕಾರ್ಯದರ್ಶಿ ನೆಲದ ಮೇಲೆ ಹುಡುಕುವ ಸದ್ದು ಕೇಳಿತು.

"ಮಾತಲ್ಲಿ ಸಾರ್! ಎರಡು ಪದ ಹೇಳಿದ್ರೆ ಕೊನೇದಕ್ಕೆ ಮಾತ್ರ ಮೆಂತೆ. ಆಮೇಲೆ ಸೆಗೂರಾಮೆಂತೆ ಬೇಡ. ಆ ಜನ ಅದನ್ನ 'ಬಹುಶಃ' ಅನ್ನೋ ಹಾಗೆ ಬಳಸ್ತಾರೆ. ನೀವು 'ಬೇಗ ಹತ್ತು, ಬಹುಶಃ' ಅಂದ್ರಿ. ಅದಕ್ಕೆ ಅನುಮಾನ ಬಂದು ನಿಂತಿದೆ."

"ನಿಘಂಟಲ್ಲಿ ಹಾಗಿಲ್ಲ!"

"ನಿಘಂಟು ಕೆಳಗಿದೆ ಸಾರ್, ನೀವು ಮೇಲಿದ್ದೀರಿ. ಈಗ ಹೇಳಿ, ಬಾಹಾ ಲೆಂತಾ ಇ ಸ್ವಾವೆಮೆಂತೆ. ಇಳಿ, ನಿಧಾನವಾಗಿ ನಯವಾಗಿ."

"ಬಾಹಾ ಲೆಂತೋ ಇ..."

"ಲೆಂತಾ ಸಾರ್. ಹೆಣ್ಣು."

"ಲಿಫ್ಟು ಹೆಣ್ಣಾ?"

"ಮನಸ್ಸು ಹೆಣ್ಣು ಸಾರ್."

"ಯಾರ ಮನಸ್ಸು?" ಕಾರ್ಯದರ್ಶಿಯ ದನಿ ಅಳುವಂತಾಗಿತ್ತು. ಅವರು ಲೆಂತೋ ಎಂದರು, ಲೆಂತೆ ಎಂದರು, ಒಮ್ಮೆ ಸರಿಯಾಗಿ ಲೆಂತಾ ಎಂದು ಸಂತೋಷದಲ್ಲಿ ಮುಂದಿನ ಪದ ಮರೆತರು. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಮೇಲೆ ಐದನೇ ಮಹಡಿಯಿಂದ ಟೀಚರಮ್ಮ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಡುವೆ ಬಾಯಿ ಹಾಕಲಿಲ್ಲ. ಪಾಠ ಮಾಡುತ್ತಿದ್ದವನು ತಮ್ಮ ಶಿಷ್ಯ.

ಕೊನೆಗೆ ಒಳಗಿನಿಂದ ಬೇರೊಂದು ದನಿ ಬಂತು. ತೆಳ್ಳಗೆ, ಎಚ್ಚರದಿಂದ, ಒಂದೊಂದೇ ಅಕ್ಷರ ಇಟ್ಟಂತೆ. "ಬಾಹಾ. ಲೆಂತಾ ಇ ಸ್ವಾವೆಮೆಂತೆ."

ಲಿಫ್ಟು ನಿಟ್ಟುಸಿರು ಬಿಟ್ಟು, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಇಳಿದು ಮೂರನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಇನ್ಸ್‌ಪೆಕ್ಟರು ಹೊರಗೆ ಬಂದರು. ಪರೀಕ್ಷೆಯಲ್ಲಿ ಮೊದಲು ಬಂದವರಂತೆ ಅವರ ಮುಖ ಕೆಂಪಾಗಿತ್ತು.

"ನಾನೇ ಹೇಳಿದ್ದು" ಎಂದರು ಲಿಫ್ಟಣ್ಣನಿಗೆ. "ಸರಿಯಾಗಿತ್ತಾ?"

"ಬಿಯೆನ್ ಸಾರ್. ತುಂಬ ಬಿಯೆನ್."

ಇನ್ಸ್‌ಪೆಕ್ಟರು ಡಾಕ್ಟರ ಮೇಜಿನ ಮೇಲೆ ಫೈಲು ಬಿಚ್ಚಿ ಅಲ್ಲೇ ಪರವಾನಗಿ ಬರೆದರು. ಅದರ ಕೊನೆಯ ಷರತ್ತು ಇಂದಿಗೂ ಗಾಜಿನ ಚೌಕಟ್ಟಿನಲ್ಲಿ ಲಿಫ್ಟಿನ ಬಾಗಿಲ ಪಕ್ಕ ತೂಗುತ್ತಿದೆ: 'ಕ್ರಿಯಾವಿಶೇಷಣಗಳನ್ನು ಬಲ್ಲ ನಿರ್ವಾಹಕನು ಒಳಗಿಲ್ಲದೆ ಸದರಿ ಲಿಫ್ಟನ್ನು ಚಲಾಯಿಸತಕ್ಕದ್ದಲ್ಲ.' ಕಾರ್ಯದರ್ಶಿ ಅದನ್ನು ಎರಡು ಸಲ ಓದಿ, ಲಿಫ್ಟಣ್ಣನ ಜೇಬಿನಿಂದ ಪತ್ರ ವಾಪಸ್ ತೆಗೆದುಕೊಂಡು, ಅದರ ಮೇಲೆ 'ರದ್ದು' ಎಂದು ಏಳನೆಯ ಮುದ್ರೆ ಒತ್ತಿದರು. ಆಮೇಲೆ ಮೆಟ್ಟಿಲಲ್ಲೇ ಇಳಿದು ಹೋದರು.

ಸಂಜೆ ಲಿಫ್ಟಣ್ಣ ನಡೆದದ್ದನ್ನೆಲ್ಲ ಮನೆಯಲ್ಲಿ ಹೇಳಿದ. ಹೇಳುತ್ತಾ ಹೇಳುತ್ತಾ ಊಟ ತಣ್ಣಗಾಯಿತು. ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಲೇ ಇದ್ದಳು. ಅವನು ಇಷ್ಟು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಕೊನೆಗೆ, "ಸಾಕು ಬಿಡಿ, ಊಟ ಮಾಡಿ. ಮಿಕ್ಕಿದ್ದು ನಾಳೆಗಿರಲಿ" ಎಂದಳು.

ಮರುದಿನ ಹನ್ನೊಂದು ಗಂಟೆಗೆ ಗೂಡಿನಲ್ಲಿ ಮೇಲಿನಿಂದ ಕೂಗು ಬಂತು. "ಲಿಫ್ಟಣ್ಣಾ, ಬಾ ಮೇಲೆ! ನಾನು ಇಳೀತೀನಿ!"

ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಟೀಚರಮ್ಮ ಇಸ್ತ್ರಿ ಮಾಡಿದ ಬಟ್ಟೆಯುಟ್ಟು, ಕೋಲು ಹಿಡಿದು ನಿಂತಿದ್ದರು. ಮೂಗಿನ ಮೇಲೆ ದೊಡ್ಡ ಕನ್ನಡಕ. ಅದು ತೀರಿಕೊಂಡ ಅಕ್ಕನದು. ತಮ್ಮದು ಒಡೆದ ಮೇಲೆ ಕೆಳಗೆ ಹೋಗಿ ಬೇರೆ ಮಾಡಿಸಲಾಗದೆ ಇದನ್ನೇ ಹಾಕಿಕೊಳ್ಳುತ್ತಿದ್ದರು. ಅದು ಅಕ್ಕನ ಕಣ್ಣಿಗೆ ಹೊಂದಿದ್ದು, ಇವರಿಗೆ ಎಲ್ಲವೂ ದೂರ ದೂರ ಕಾಣುತ್ತಿತ್ತು.

ಅವರು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು.

"ಬಾಹಾ" ಎಂದ ಲಿಫ್ಟಣ್ಣ.

"ಕೋಮೋ?" ಎಂದಿತು ಲಿಫ್ಟು.

ಅವನ ಬಾಯಲ್ಲಿ ನಾಲ್ಕೈದು ಪದಗಳು ಸಾಲಾಗಿ ನಿಂತಿದ್ದವು. ಟೀಚರಮ್ಮ ಅವನತ್ತ ನೋಡದೆ, ಪರೀಕ್ಷೆಯ ಕೋಣೆಯಲ್ಲಿ ನಿಂತವರಂತೆ, ಚಾವಣಿ ನೋಡುತ್ತಿದ್ದರು. ಲಿಫ್ಟಣ್ಣ ಬಾಯಿ ತೆರೆದವನು ಮುಚ್ಚಿದ. ತಿರುಗಿ ಕೇಳಿದ. "ಟೀಚರ್, ನೀವು ಹೇಗೆ ಇಳೀಬೇಕು ಅಂತಿದ್ದೀರಿ?"

ಟೀಚರಮ್ಮ ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಸಾವಿರಾರು ಸಲ ಬೋರ್ಡಿನ ಮೇಲೆ ಬರೆದ ಪ್ರಶ್ನೆ ಅದು. ಅವರನ್ನು ಯಾರೂ ಕೇಳಿರಲಿಲ್ಲ. ಕನ್ನಡಿಯಲ್ಲಿ ತಮ್ಮನ್ನು ಒಮ್ಮೆ ನೋಡಿಕೊಂಡರು, ಕೂದಲು ಸರಿಮಾಡಿಕೊಂಡರು. ಮೆಲ್ಲನೆ, ಸ್ವಲ್ಪ ನಾಚಿಕೊಂಡು, "ಎಲೆಗಾಂತೆಮೆಂತೆ" ಎಂದರು. ಠೀವಿಯಿಂದ ಎಂದು ಅದರ ಅರ್ಥ.

ಲಿಫ್ಟು ಇಳಿದ ರೀತಿಯನ್ನು ಅಂದು ಕಂಡವರು ಈಗಲೂ ಹೇಳುತ್ತಾರೆ. ಪ್ರತಿ ಮಹಡಿಯಲ್ಲೂ ಅರೆಕ್ಷಣ ನಿಂತು, ಬಾಗಿಲು ತುಸುವೇ ಸರಿಸಿ, ಮತ್ತೆ ಮುಚ್ಚಿ ಮುಂದೆ ಸಾಗಿತಂತೆ. ನಾಲ್ಕನೇ ಮಹಡಿಯ ಗಂಡ ಹೆಂಡತಿ ಗೊತ್ತಿಲ್ಲದೆಯೇ ಕೈ ಮುಗಿದರು. ಹಲ್ಲಿನ ಡಾಕ್ಟರು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತಲೆ ಬಾಗಿಸಿದರು.

ರಸ್ತೆಯ ಆಚೆ ಬದಿಯಲ್ಲಿತ್ತು ಕನ್ನಡಕದ ಅಂಗಡಿ. ಲಿಫ್ಟಣ್ಣ ಲಿಫ್ಟಿನ ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟು, ಅವರ ತೋಳು ಹಿಡಿದು ರಸ್ತೆ ದಾಟಿಸಿದ. ಅವರು ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಎರಡು ವರ್ಷ ಮೇಲಿನಿಂದ ಬರೀ ನೆತ್ತಿಗಳನ್ನೇ ನೋಡಿದ್ದರಿಂದ ಎದುರು ಬಂದವರಲ್ಲಿ ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲ. ಪೇಪರು ಮಾರುವವನು ಬಗ್ಗಿದಾಗ ಮಾತ್ರ "ಓ, ನೀನಾ! ಇಷ್ಟು ಚೆಂದದ ಮೂಗಿದೆಯಾ ನಿನಗೆ!" ಎಂದು ಹಿಗ್ಗಿದರು.

ಅಂಗಡಿಯಲ್ಲಿ ಒಂದೂವರೆ ಗಂಟೆ ಆಯಿತು. ಆಚೆಯಿಂದ ಆರನೇ ಮಹಡಿಯವರು ಕಿಟಕಿಯಲ್ಲಿ ನಿಂತು "ಲಿಫ್ಟಣ್ಣಾ!" ಎಂದು ಕೂಗುವುದು ಕೇಳುತ್ತಿತ್ತು. ಲಿಫ್ಟಣ್ಣ ಅಂಗಡಿಯ ಬಾಗಿಲಿಗೆ ಬಂದು "ಇರಿ, ಬರ್ತೀನಿ!" ಎಂದು ಕೈಯೆತ್ತಿ ಮತ್ತೆ ಒಳಗೆ ಹೋದ. ಟೀಚರಮ್ಮ ಇಪ್ಪತ್ತಾರು ಚೌಕಟ್ಟುಗಳನ್ನು ಹಾಕಿ ನೋಡಿ, ಕೊನೆಗೆ ಕೆಂಪು ಬಣ್ಣದ್ದೊಂದನ್ನು ಆರಿಸಿದರು.

"ಗುರುವಾರ ರೆಡಿ ಆಗತ್ತಮ್ಮ" ಎಂದ ಅಂಗಡಿಯವನು. "ನಿಮಗೆ ಕಷ್ಟ ಆಗೋದಾದ್ರೆ ಮನೆಗೇ ತಂದುಕೊಡ್ತೀನಿ."

"ಬೇಡ ಬೇಡ" ಎಂದರು ಟೀಚರಮ್ಮ ಗಡಿಬಿಡಿಯಿಂದ. "ನಾನೇ ಬರ್ತೀನಿ."